ನನ್ನ ಹವ್ಯಾಸ: ಗೆಡ್ಡೆಯಿಂದ ಅರಳುವ ಹೂಗಳು

 

ಹವ್ಯಾಸ ಎಂದರೆ ಬಿಡುವಿನ ವೇಳೆಯಲ್ಲಿ ಇಷ್ಟಪಟ್ಟು ಮಾಡುವ ಕೆಲಸ. ನಮ್ಮ ತರಗತಿಯಲ್ಲಿ ಕೆಲವರು ಅಂಚೆ ಚೀಟಿ ಕೂಡಿಡುತ್ತಾರೆ, ಕೆಲವರು ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಾರೆ. ಒಬ್ಬ ಹಕ್ಕಿ ಗರಿ ಕೂಡಿಡುತ್ತಾನೆ. ನನ್ನ ಹವ್ಯಾಸ ಕೇಳಿದರೆ ನೀವು ನಗಬಹುದು. ನಾನು ಗೆಡ್ಡೆ ಕೂಡಿಡುತ್ತೇನೆ. ಸಾರು ಪಲ್ಯದ ಗೆಡ್ಡೆ ಅಲ್ಲ, ಹೂ ಬಿಡುವ ಗೆಡ್ಡೆ. ಮಣ್ಣು ಮೆತ್ತಿಕೊಂಡು ಕಲ್ಲಿನ ಹಾಗೆ ಕಾಣುವುದನ್ನು ನೆಟ್ಟು, ಅದು ಯಾವ ಹೂ ಬಿಡುತ್ತದೆ ಎಂದು ಕಾಯುವುದು. ಹೂ ಬಂದ ಮೇಲೆ ಹೆಸರು ತಿಳಿದು ಬರೆದಿಡುವುದು. ಇಷ್ಟೇ ನನ್ನ ಹವ್ಯಾಸ. ಆದರೆ ಇದರಲ್ಲಿ ಎಷ್ಟು ವಿಷಯ ಇದೆ ಎಂದು ನನಗೂ ಹೋದ ವರ್ಷವೇ ಗೊತ್ತಾದದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೆಡ್ಡೆ ಎಂದರೇನು?

ನಾವು ನೆಲದೊಳಗೆ ದಪ್ಪಗೆ ಇರುವುದಕ್ಕೆಲ್ಲ ಗೆಡ್ಡೆ ಎನ್ನುತ್ತೇವೆ. ಆದರೆ ಎಲ್ಲವೂ ಒಂದೇ ಅಲ್ಲ. ಅಮ್ಮ ಈರುಳ್ಳಿ ಹೆಚ್ಚುವಾಗ ಒಂದನ್ನು ಮೇಲಿಂದ ಕೆಳಗೆ ಎರಡು ಹೋಳು ಮಾಡಿಸಿ ನೋಡಿ. ಒಂದರ ಮೇಲೊಂದು ಪದರ ಇರುತ್ತದೆ. ಆ ಪದರಗಳು ಎಲೆಗಳ ಬುಡ. ಅಡಿಯಲ್ಲಿ ಬಿಲ್ಲೆಯ ಹಾಗೆ ಇರುವ ಗಟ್ಟಿ ಭಾಗವೇ ಕಾಂಡ. ಇಂಥದ್ದಕ್ಕೆ ಬಲ್ಬ್ ಎನ್ನುತ್ತಾರೆ. ಶುಂಠಿ ಮತ್ತು ಅರಿಶಿನದಲ್ಲಿ ನೆಲದೊಳಗೆ ಅಡ್ಡ ಹೋಗುವ ಕಾಂಡ ಇರುತ್ತದೆ. ಆಲೂಗೆಡ್ಡೆಯೂ ಕಾಂಡವೇ, ಅದಕ್ಕೆ ಕಣ್ಣುಗಳಿವೆ. ಸಿಹಿಗೆಣಸು ಮಾತ್ರ ಬೇರು. ಇವೆಲ್ಲದರ ಕೆಲಸ ಒಂದೇ. ಒಳ್ಳೆಯ ಕಾಲದಲ್ಲಿ ಎಲೆ ಮಾಡಿದ ಆಹಾರವನ್ನು ಕೆಟ್ಟ ಕಾಲಕ್ಕೆ ಕೂಡಿಡುವುದು. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಸೌದೆ, ಹಪ್ಪಳ ಕೂಡಿಡುತ್ತಾರಲ್ಲ, ಹಾಗೆ.

ಚಳಿ ದೇಶದಲ್ಲಿ ಕೆಟ್ಟ ಕಾಲ ಎಂದರೆ ಹಿಮ ಬೀಳುವ ಕಾಲ. ಕಾಶ್ಮೀರದ ಶ್ರೀನಗರದಲ್ಲಿ ಟ್ಯೂಲಿಪ್ ಹೂವಿನ ದೊಡ್ಡ ತೋಟ ಇದೆ. ಆ ಗೆಡ್ಡೆ ಚಳಿಯಲ್ಲಿ ಮಲಗಿ ಎದ್ದರೆ ಮಾತ್ರ ಚೆನ್ನಾಗಿ ಹೂ ಬಿಡುತ್ತದೆ. ನಮ್ಮ ಮಲೆನಾಡಿನಲ್ಲಿ ಹಿಮ ಎಲ್ಲಿದೆ? ಇಲ್ಲಿ ಕೆಟ್ಟ ಕಾಲ ಎಂದರೆ ಮಳೆ ಇಲ್ಲದ ಕಾಲ. ಆದ್ದರಿಂದ ನಮ್ಮ ಗೆಡ್ಡೆಗಳು ಬೇಸಿಗೆಯಲ್ಲಿ ಮಲಗುತ್ತವೆ. ಮೇಲೆ ಎಲೆ ಇಲ್ಲ, ಕಡ್ಡಿ ಇಲ್ಲ, ಏನೂ ಇಲ್ಲ. ಇದೇ ನನಗೆ ಕಷ್ಟ ತಂದದ್ದು.

ಒಂದು ಹೆಡಿಗೆ ಗೆಡ್ಡೆ

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮ ಮನೆಯಲ್ಲಿ ಹೊಸ ಕೊಟ್ಟಿಗೆ ಕಟ್ಟಲು ಶುರು ಮಾಡಿದರು. ಅದಕ್ಕೆ ಹಿತ್ತಲಿನ ದರೆ ಕಡಿದು ಜಾಗ ಸಮ ಮಾಡಬೇಕಾಯಿತು. ಆ ಜಾಗದಲ್ಲಿ ಅಜ್ಜಿ ಬಹಳ ವರ್ಷದಿಂದ ಹೂವಿನ ಗೆಡ್ಡೆ ನೆಟ್ಟಿದ್ದರು. ಕೆಲಸಕ್ಕೆ ಬಂದವರು ಅಗೆಯುವಾಗ ಸಿಕ್ಕಿದ್ದನ್ನೆಲ್ಲ ಒಂದು ಹೆಡಿಗೆಗೆ ಹಾಕಿ ಜಗುಲಿ ಮೇಲೆ ಇಟ್ಟರು. ಅಮ್ಮ, "ಇದು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ. ದರೆ ಆಚೆ ಎಸೆದು ಬಾ" ಎಂದರು. ಒಳಗಿದ್ದ ಅಜ್ಜಿಗೆ ಅದು ಕೇಳಿಸಿತು.

"ಬಿಸಾಡಬ್ಯಾಡ ಕಣೇ ಕೂಸೇ. ನಮ್ಮವ್ವನ ನೆಲಸಂಪಿಗೆ ಅದ್ರಲ್ಲಿ ಐತೆ. ಹುಡುಕಿ ಕೊಡು" ಎಂದರು.

ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಬೆಳಕು ಗೊತ್ತಾಗುತ್ತದೆ, ಬಣ್ಣ ಗೊತ್ತಾಗುವುದಿಲ್ಲ. ಆದ್ದರಿಂದ ಹುಡುಕುವ ಕೆಲಸ ನನಗೆ ಬಂತು.

ಅಜ್ಜಿಯ ತವರುಮನೆ ಶರಾವತಿ ಹೊಳೆ ಹತ್ತಿರ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಅದರ ಹಿನ್ನೀರಿನಲ್ಲಿ ಅನೇಕ ಊರುಗಳು ಮುಳುಗಿದವು. ಅಜ್ಜಿಯ ಊರೂ ಮುಳುಗಿತು. ಆಗ ಅಜ್ಜಿಗೆ ಸುಮಾರು ಹತ್ತು ವರ್ಷ. ಲಾರಿಯಲ್ಲಿ ಪಾತ್ರೆ, ಒನಕೆ, ಬಾಗಿಲು, ಕಿಟಕಿ ಎಲ್ಲಾ ಹೇರಿದರಂತೆ. ಅಜ್ಜಿಯ ಅವ್ವ ಮಾತ್ರ ಒಂದು ಹಳೆಯ ಸೀರೆ ತುಂಡಿನಲ್ಲಿ ಮಣ್ಣು ಸಮೇತ ಈ ಗೆಡ್ಡೆ ಕಟ್ಟಿಕೊಂಡು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರಂತೆ. ಮದುವೆಯಾಗಿ ಇಲ್ಲಿಗೆ ಬರುವಾಗ ಅಜ್ಜಿ ಅದರಲ್ಲಿ ಒಂದು ತುಂಡು ತಂದರು. ಆದರೆ ನಮ್ಮ ಮನೆಯಲ್ಲಿ ಅದರ ಹೂವನ್ನು ಅಪ್ಪನೂ ನೋಡಿಲ್ಲ, ಅಮ್ಮನೂ ನೋಡಿಲ್ಲ. ಏಕೆಂದರೆ ಪ್ರತಿ ವರ್ಷ ಬೇಸಿಗೆಯಲ್ಲಿ ಆ ಜಾಗದ ಮೇಲೆ ಸೌದೆ ಒಟ್ಟುತ್ತಿದ್ದರು. ಸೌದೆ ಖಾಲಿಯಾಗುವ ಹೊತ್ತಿಗೆ ಮಳೆ ಬಂದು ಬರಿ ಎಲೆ ಇರುತ್ತಿತ್ತು.

ಮೊದಲು ವಿಷದ ಗೆಡ್ಡೆ ಬೇರೆ ಮಾಡಿದ್ದು

ನಾನು ಹೆಡಿಗೆ ಸುರಿಯಲು ಹೋದಾಗ ಅಜ್ಜಿ, "ಮೊದಲು ನೇಗಿಲ ಹಾಗಿರೋದನ್ನ ತೆಗೆದು ಮೇಲೆ ಇಡು. ಅದು ಗೌರಿ ಹೂವಿನ ಗೆಡ್ಡೆ. ಸಣ್ಣವಳ ಕೈಗೆ ಸಿಕ್ಕಬಾರದು" ಎಂದರು. ಸಣ್ಣವಳು ಎಂದರೆ ನನ್ನ ತಂಗಿ. ಅವಳಿಗೆ ಆಗ ನಾಲ್ಕು ವರ್ಷ. ಕರಟದಲ್ಲಿ ಅಡಿಗೆ ಆಟ ಆಡುತ್ತಾಳೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಅದೇ ಜಗುಲಿಯಲ್ಲಿ ಅಡಿಗೆಗೆ ತಂದ ಕೆಸುವಿನ ಗೆಡ್ಡೆಯೂ ಗೆಣಸೂ ಇತ್ತು. ನನಗೆ ಭಯವಾಯಿತು.

ಗೌರಿ ಹೂವನ್ನು ನೀವೆಲ್ಲ ನೋಡಿದ್ದೀರಿ. ಬೇಲಿ ಮೇಲೆ ಹಬ್ಬುತ್ತದೆ. ಇದರ ಬಳ್ಳಿಗೆ ಬೇರೆ ಕೊಕ್ಕೆ ಇಲ್ಲ, ಎಲೆಯ ತುದಿಯೇ ಸುರುಳಿಯಾಗಿ ಹಿಡಿದುಕೊಳ್ಳುತ್ತದೆ. ಆರು ದಳ ಹಿಂದಕ್ಕೆ ಬಾಗಿ ಹಳದಿ ಕೆಂಪು ಬೆಂಕಿಯ ಹಾಗೆ ಇರುತ್ತದೆ. ಅದಕ್ಕೇ ಅಗ್ನಿಶಿಖೆ ಎಂಬ ಹೆಸರು. ಸಂಸ್ಕೃತದಲ್ಲಿ ಲಾಂಗಲಿ ಎನ್ನುತ್ತಾರೆ. ಲಾಂಗಲ ಎಂದರೆ ನೇಗಿಲು. ಗೆಡ್ಡೆ ನೇಗಿಲಿನ ಹಾಗೆ ಮುರಿದು ಬಾಗಿರುತ್ತದೆ. ಓದು ಬರಹ ಕಡಿಮೆ ಇರುವ ನನ್ನ ಅಜ್ಜಿ ಹೇಳಿದ ಗುರುತೂ ಸಂಸ್ಕೃತದ ಹೆಸರೂ ಒಂದೇ ಎಂದು ಆಮೇಲೆ ಗೊತ್ತಾಗಿ ನನಗೆ ಬಹಳ ಸಂತೋಷವಾಯಿತು.

ಈ ಗಿಡದಲ್ಲಿ ಕಾಲ್ಚಿಸಿನ್ ಎಂಬ ವಿಷ ಇದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಗೆಣಸು ಎಂದುಕೊಂಡು ತಿಂದು ಸತ್ತವರೂ ಇದ್ದಾರಂತೆ. ವಾಂತಿ ಭೇದಿ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದೇ ಕಾಲ್ಚಿಸಿನ್ ಅನ್ನು ಡಾಕ್ಟರು ಅಳತೆ ಮಾಡಿ ಗೌಟ್ ಎಂಬ ಕೀಲುನೋವಿಗೆ ಔಷಧಿಯಾಗಿ ಕೊಡುತ್ತಾರೆ. ಇದು ತಮಿಳುನಾಡಿನ ರಾಜ್ಯ ಪುಷ್ಪ. ಆಫ್ರಿಕಾದ ಜಿಂಬಾಬ್ವೆ ದೇಶದ ರಾಷ್ಟ್ರೀಯ ಹೂವೂ ಇದೇ. ನೋಡಿ, ಒಂದೇ ಗಿಡ ಹಬ್ಬಕ್ಕೂ ಬೇಕು, ಔಷಧಿಗೂ ಬೇಕು, ಬಾಯಿಗೆ ಮಾತ್ರ ಬೇಡ.

ಹೆಡಿಗೆಯಲ್ಲಿ ಈ ಗೆಡ್ಡೆ ಮೂರು ಸಿಕ್ಕಿತು. ಮಾಡಿನ ಕೆಳಗೆ ಎತ್ತರದಲ್ಲಿ ತೂಗುಹಾಕಿದೆ. ಇದರ ಮೊಳಕೆ ಬರುವುದು ತುದಿಯಲ್ಲಿ ಮಾತ್ರ. ತುದಿ ಮುರಿದರೆ ಗೆಡ್ಡೆ ಏಳುವುದಿಲ್ಲ. ಆದ್ದರಿಂದ ಹತ್ತಿಯ ಹಾಗೆ ಹಿಡಿಯಬೇಕು.

ನಂಬರ್ ಹಾಕಿದ್ದು

ಉಳಿದ ಗೆಡ್ಡೆಗಳನ್ನು ಒರೆಸಿ, ಒಂದೇ ಥರ ಇದ್ದದ್ದನ್ನು ಒಂದು ಕಡೆ ಹಾಕಿದೆ. ಒಟ್ಟು ಹನ್ನೊಂದು ಗುಂಪು ಆಯಿತು. ಅಜ್ಜಿ ಒಂದೊಂದನ್ನೇ ಕೈಯಲ್ಲಿ ಹಿಡಿದು, ಉಗುರಿನಿಂದ ಸ್ವಲ್ಪ ಕೆರೆದು ಮೂಸಿ ನೋಡಿದರು. ನಾಲ್ಕನ್ನು ಕೂಡಲೇ ಹೇಳಿದರು. ಉಳಿದದ್ದಕ್ಕೆ, "ಹೂ ಬರದೆ ನಾ ಹೇಳಲ್ಲ. ಸುಳ್ಳು ಹೆಸರು ಇಟ್ರೆ ಗಿಡಕ್ಕೂ ಮೋಸ" ಎಂದರು.

ಹಳೆಯ ಡಬ್ಬದ ತಗಡನ್ನು ಅಪ್ಪನಿಂದ ಕತ್ತರಿಸಿಕೊಂಡು, ಮೊಳೆಯಿಂದ 1, 2, 3 ಎಂದು ಗೀಚಿದೆ. ಪೆನ್ನಿನ ಅಕ್ಷರ ನಮ್ಮೂರ ಮಳೆಗೆ ಎರಡು ದಿನ ಉಳಿಯುವುದಿಲ್ಲ. ಮೊಳೆಯ ಗೀಟು ಉಳಿಯುತ್ತದೆ. ಒಡೆದ ಕೊಡ, ಪೇಂಟಿನ ಡಬ್ಬ, ಗೊಬ್ಬರದ ಚೀಲ ಎಲ್ಲಾ ಕುಂಡ ಆಯಿತು. ಅಡಿಯಲ್ಲಿ ತೂತು ಮಾಡಿ, ಮಣ್ಣು, ಹೊಳೆ ಮರಳು, ಒಣಗಿದ ಸಗಣಿ ಗೊಬ್ಬರ ಸಮ ಸಮ ಬೆರೆಸಿ ತುಂಬಿದೆ. ನೋಟ್‌ಬುಕ್ಕಿನಲ್ಲಿ ಒಂದು ನಂಬರಿಗೆ ಒಂದು ಪುಟ. ಮೊಳಕೆ ಬಂದ ದಿನ, ಎಲೆಯ ಚಿತ್ರ, ಹೂ ಬಂದ ದಿನ, ದಳ ಎಷ್ಟು, ವಾಸನೆ ಇದೆಯೋ ಇಲ್ಲವೋ ಎಂದು ಬರೆಯತೊಡಗಿದೆ.

ಒಂದೊಂದೇ ಎದ್ದದ್ದು

ಮೇ ತಿಂಗಳಲ್ಲಿ ಮೊದಲ ಗುಡುಗು ಮಳೆ ಬಂತು. 2ನೇ ನಂಬರಿನಿಂದ ಕೆಂಪು ಚೆಂಡು ಎದ್ದಿತು. ಒಂದೇ ದಂಟಿನ ಮೇಲೆ ಸಣ್ಣ ಸಣ್ಣ ಹೂ ಸೇರಿ ಗುಂಡಗೆ ಕಾಣುತ್ತದೆ. ನಾನು ಕೂತು ಎಣಿಸಿದೆ, ಎಂಬತ್ತಮೂರು ಇತ್ತು. ನಮ್ಮ ಕಡೆ ಇದಕ್ಕೆ ಮೇ ಫ್ಲವರ್ ಎನ್ನುತ್ತಾರೆ. ಆದರೆ ಪೇಟೆಯಲ್ಲಿ ಗುಲ್‌ಮೊಹರ್ ಮರಕ್ಕೂ ಮೇ ಫ್ಲವರ್ ಎನ್ನುತ್ತಾರೆ. ಒಂದು ಗೆಡ್ಡೆ, ಒಂದು ಮರ, ಹೆಸರು ಒಂದೇ! ಇಂಥ ಗೊಂದಲ ಆಗಬಾರದೆಂದೇ ಸ್ವೀಡನ್ ದೇಶದ ಲಿನೇಯಸ್ ಎಂಬ ವಿಜ್ಞಾನಿ 1753ರಲ್ಲಿ ತನ್ನ ಪುಸ್ತಕದಲ್ಲಿ ಪ್ರತಿ ಗಿಡಕ್ಕೂ ಎರಡು ಪದದ ಹೆಸರು ಕೊಟ್ಟನು ಎಂದು ಮೇಷ್ಟ್ರು ತಿಳಿಸಿದರು. ಆ ಪ್ರಕಾರ ನಮ್ಮ ಚೆಂಡು ಹೂ ಸ್ಕಾಡಾಕ್ಸಸ್ ಮಲ್ಟಿಫ್ಲೋರಸ್. ಇದರ ಮೂಲ ಆಫ್ರಿಕಾ. ಗೌರಿ ಹೂವಿಗೆ ಗ್ಲೋರಿಯೋಸ ಸುಪರ್ಬ ಎಂದು ಹೆಸರಿಟ್ಟವನು ಲಿನೇಯಸ್ಸನೇ.

ಅದೇ ತಿಂಗಳು 5ನೇ ನಂಬರಿನಿಂದ ಕೆಟ್ಟ ವಾಸನೆ ಬರತೊಡಗಿತು. ಇಲಿ ಸತ್ತಿದೆ ಎಂದು ಅಮ್ಮ ಅಟ್ಟವನ್ನೆಲ್ಲ ಹುಡುಕಿದರು. ನೋಡಿದರೆ ಸುವರ್ಣಗೆಡ್ಡೆ ಹೂ ಬಿಟ್ಟಿತ್ತು! ಎಲೆ ಇಲ್ಲದೆ ನೆಲದಿಂದ ನೇರ ಹೂ ಬರುತ್ತದೆ, ನೇರಳೆ ಬಣ್ಣ, ನೋಡಲು ಭಯ. ಕೊಳೆತ ಮಾಂಸದ ವಾಸನೆ ಎಂದುಕೊಂಡು ನೊಣ, ಜೀರುಂಡೆ ಬರುತ್ತವೆ. ಅವುಗಳಿಂದ ಪರಾಗಸ್ಪರ್ಶ ಆಗುತ್ತದೆ. ಇದರ ನೆಂಟ ಗಿಡ ಒಂದು ಇಂಡೋನೇಷ್ಯಾದ ಸುಮಾತ್ರ ದ್ವೀಪದಲ್ಲಿದೆ. ಅದರ ಹೂಗೊಂಚಲು ಹತ್ತು ಅಡಿವರೆಗೂ ಬೆಳೆಯುತ್ತದೆ. ಅದರ ವಾಸನೆ ಹೇಗಿರಬಹುದು, ನೀವೇ ಯೋಚಿಸಿ.

ಜೂನ್‌ನಲ್ಲಿ 7ನೇ ನಂಬರಿನಲ್ಲಿ ಗುಲಾಬಿ ಬಣ್ಣದ ಮಳೆ ಲಿಲ್ಲಿ ಬಂತು. ಮಳೆ ಬಿದ್ದು ಕೆಲವೇ ದಿನಕ್ಕೆ ಒಟ್ಟಿಗೆ ಅರಳುತ್ತದೆ. ಇದರ ಶಾಸ್ತ್ರೀಯ ಹೆಸರು ಜೆಫಿರಾಂಥಸ್. ಗ್ರೀಕ್ ಭಾಷೆಯಲ್ಲಿ ಪಡುವಣ ಗಾಳಿಯ ಹೂ ಎಂದು ಅರ್ಥ. ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಆದರೂ ಹೆಸರು ನಮ್ಮೂರಿಗೇ ಸರಿಯಾಗಿದೆ. ನಮಗೂ ಮಳೆ ಪಡುವಣದಿಂದಲೇ ಬರುವುದು.

1ನೇ ನಂಬರ್ ಸುಗಂಧರಾಜ. ಇದು ಎಲ್ಲರಿಗೂ ಗೊತ್ತು. ಆದರೆ ಇದರ ಮೂಲ ಮೆಕ್ಸಿಕೋ ಎಂದು ಎಷ್ಟು ಜನರಿಗೆ ಗೊತ್ತು? ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಶೃಂಗಾರ್, ಸುವಾಸಿನಿ, ಪ್ರಜ್ವಲ್ ಎಂಬ ಹೊಸ ತಳಿಗಳನ್ನು ಮಾಡಿದ್ದಾರೆ. ಒಮ್ಮೆ ಹೂ ಬಿಟ್ಟ ತಾಯಿ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಸುತ್ತ ಮರಿ ಹಾಕುತ್ತದೆ. ಮರಿಗಳು ದೊಡ್ಡದಾದ ಮೇಲೆ ಹೂ ಬಿಡುತ್ತವೆ.

ಗೌರಿ ಹಬ್ಬಕ್ಕೆ ಸರಿಯಾಗಿ ಗೌರಿ ಹೂ ಅರಳಿತು. ಮೂರು ಗೆಡ್ಡೆಯಲ್ಲಿ ಎರಡು ಎದ್ದಿತ್ತು. ಒಂದರ ತುದಿ ಅಗೆಯುವಾಗಲೇ ಮುರಿದಿತ್ತು.

9 ಮತ್ತು 11

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 9 ಮತ್ತು 11 ಎರಡಕ್ಕೂ ಶುಂಠಿ ಜಾತಿಯ ವಾಸನೆ ಇತ್ತು. ಎರಡರ ಬೇರಿನಲ್ಲೂ ಸಣ್ಣ ಮೊಟ್ಟೆಯ ಹಾಗೆ ಗಂಟುಗಳು ನೇತಾಡುತ್ತಿದ್ದವು. ನೆಲಸಂಪಿಗೆ ಇವೆರಡರಲ್ಲಿ ಒಂದು ಎಂದು ಅಜ್ಜಿ ಹೇಳಿದರು. ಕತ್ತರಿಸಿ ನೋಡೋಣ ಎಂದರೆ ಬಿಡಲಿಲ್ಲ. 9ರಲ್ಲಿ ಇದ್ದದ್ದು ಒಂದೇ ಗೆಡ್ಡೆ. ಅದು ಕೊಳೆತರೆ ಮತ್ತೆ ತರಲು ಆ ಊರೇ ಇಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ಎರಡೂ ಹೂ ಬಿಡಲಿಲ್ಲ. ಕಿತ್ತು ನೆಟ್ಟದ್ದರಿಂದ ಇರಬೇಕು. ಜೂನ್‌ನಲ್ಲಿ ಎಲೆ ಬಂತು. 11ರ ಎಲೆ ಅರಿಶಿನದ ಹಾಗೆ ಎತ್ತರ ಬೆಳೆಯಿತು. 9ರ ಎಲೆ ಒಂದೂವರೆ ಅಡಿ ಅಷ್ಟೇ. ಮೇಲೆ ತಿಳಿ ಹಸಿರಿನ ಮಚ್ಚೆ, ಕೆಳಗೆ ನೇರಳೆ ಬಣ್ಣ. ಶಾಲೆಯ ಲೈಬ್ರರಿಯಲ್ಲಿದ್ದ ಗಿಡಮೂಲಿಕೆ ಪುಸ್ತಕದಲ್ಲಿ ನೆಲಸಂಪಿಗೆ ಎಲೆಗೆ ಇದೇ ಗುರುತು ಕೊಟ್ಟಿದ್ದರು. ಶಾಸ್ತ್ರೀಯ ಹೆಸರು ಕೆಂಪ್‌ಫೇರಿಯ ರೊಟಂಡ. ನಾನು ಓಡಿ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ, "ಪುಸ್ತಕದಲ್ಲಿ ಐತಾ? ಇರ್ಲಿ. ಹೂ ಬರ್ಲಿ" ಎಂದರು.

ನವೆಂಬರ್ ಕಳೆಯುವಾಗ ಎಲೆ ಒಣಗಿತು. ನೀರು ಹಾಕುವುದು ನಿಲ್ಲಿಸಿದೆ. ಮಲಗಿದ ಗೆಡ್ಡೆಗೆ ನೀರು ಹಾಕಿದರೆ ಕೊಳೆಯುತ್ತದೆ. ಕುಂಡವನ್ನು ಸೌದೆಯಿಂದ ದೂರ, ಹೆಗ್ಗಣ ಬಾರದ ಹಾಗೆ ಕಲ್ಲಿನ ಮೇಲೆ ಇಟ್ಟೆ. ಆ ಚಳಿಗಾಲ ಅಜ್ಜಿಗೆ ಜ್ವರ ಬಂದು ಒಂದು ತಿಂಗಳು ಎದ್ದಿರಲಿಲ್ಲ. ದಿನಾ ಸಾಯಂಕಾಲ, "ಒಂಬತ್ತು ಎದ್ದಿತಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದು ಹೇಳಲು ನನಗೆ ಬೇಜಾರಾಗುತ್ತಿತ್ತು. ಮಣ್ಣಿನ ಮೇಲೆ ಏನೂ ಇಲ್ಲ. ಒಳಗೆ ಬದುಕಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ? ಅಗೆದು ನೋಡಬೇಕು ಎನಿಸುತ್ತಿತ್ತು. ಆದರೆ ಅಗೆಯಲಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಒಂದು ರಾತ್ರಿ ಮಳೆ ಹನಿಯಿತು. ನಾಲ್ಕು ದಿನದ ಮೇಲೆ ಬೆಳಿಗ್ಗೆ ನೋಡಿದರೆ ಬರಿ ಮಣ್ಣಿನಲ್ಲಿ ಹೂ! ಕಡ್ಡಿಯೂ ಇಲ್ಲ, ಎಲೆಯೂ ಇಲ್ಲ. ಬಿಳಿ ದಳ, ನಡುವೆ ನಸು ನೇರಳೆ ತುಟಿ. ಅಜ್ಜಿಯ ಕೈ ಹಿಡಿದು ಕರೆದುಕೊಂಡು ಬಂದೆ. ಕುಂಡವನ್ನು ಅವರ ತೊಡೆ ಮೇಲೆ ಇಟ್ಟೆ. ಅಜ್ಜಿ ಬೆರಳಿನಿಂದ ಮೆಲ್ಲಗೆ ಮುಟ್ಟಿದರು, ಬಗ್ಗಿ ಮೂಸಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆಮೇಲೆ, "ಇದೇಯ. ನಮ್ಮ ಬಾವಿ ಮೆಟ್ಲ ಪಕ್ಕ ಇತ್ತು. ನೀರಿಗೆ ಹೋಗೋವಾಗ ತುಳಿದೆ ಅಂತ ಅವ್ವ ಬೈತಿತ್ತು" ಎಂದರು. ಆ ದಿನ ಮಧ್ಯಾಹ್ನದವರೆಗೂ ಅಜ್ಜಿ ಆ ಊರಿನ ವಿಷಯ ಹೇಳಿದರು. ಬಾವಿ ಎಲ್ಲಿತ್ತು, ಗದ್ದೆಗೆ ಯಾವ ದಾರಿ, ಯಾರ ಮನೆ ಪಕ್ಕ ಯಾರ ಮನೆ ಎಲ್ಲಾ. ಇಷ್ಟು ವರ್ಷ ನಾವು ಯಾರೂ ಕೇಳಿರಲಿಲ್ಲ. ನೀರು ತೀರ ಇಳಿದ ಬೇಸಿಗೆಯಲ್ಲಿ ಹಿನ್ನೀರಿನಿಂದ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಅಜ್ಜಿಯ ಬಾವಿ ಕಾಣಿಸುವುದಿಲ್ಲ.

ಹೂ ಸಂಜೆಗೆ ಬಾಡಿತು. ಮರುದಿನ ಇನ್ನೊಂದು ಅರಳಿತು. ಒಟ್ಟು ಐದು ಬಂತು. 11ನೇ ನಂಬರಿನಲ್ಲಿ ಮೇ ತಿಂಗಳಿನಲ್ಲಿ ಗುಲಾಬಿ ತುದಿಯ ಗೋಪುರದಂಥ ಹೂ ಬಂತು. ಅದು ಕಸ್ತೂರಿ ಅರಿಶಿನ. ಹೀಗೆ ಎರಡೂ ಇತ್ಯರ್ಥವಾಯಿತು.

ನೋಟ್‌ಬುಕ್ಕಿನಲ್ಲಿ 9ನೇ ಪುಟದಲ್ಲಿ ಹೆಸರು, ಶಾಸ್ತ್ರೀಯ ಹೆಸರು, ತಾರೀಕು ಬರೆದೆ. ಎಲ್ಲಿಂದ ಬಂತು ಎನ್ನುವಲ್ಲಿ "ಅಜ್ಜಿಯ ಅವ್ವನ ಬಾವಿ ಮೆಟ್ಟಿಲ ಪಕ್ಕ. ಈಗ ನೀರಿನಡಿ" ಎಂದು ಬರೆದೆ.

ಗುರುತು ಹಿಡಿಯುವವರಿಗೆ ಕೆಲವು ಸೂಚನೆಗಳು

1. ಗೆಡ್ಡೆ ನೋಡಿ ಹೆಸರು ಹೇಳಬೇಡಿ. ಎಲೆ ನೋಡಿ ಅಂದಾಜು ಮಾಡಿ. ಹೂ ನೋಡಿ ತೀರ್ಮಾನ ಮಾಡಿ.

2. ಈರುಳ್ಳಿಯ ಹಾಗೆ ಕಂಡು ಈರುಳ್ಳಿ ವಾಸನೆ ಇಲ್ಲದಿದ್ದರೆ ಅಡಿಗೆಮನೆಗೆ ಒಯ್ಯಬೇಡಿ. ಕಾಡು ಈರುಳ್ಳಿ, ಲಿಲ್ಲಿ ಜಾತಿಯ ಅನೇಕ ಗೆಡ್ಡೆಗಳು ವಿಷ. ಗೊತ್ತಿಲ್ಲದ ಗೆಡ್ಡೆಯ ರುಚಿ ನೋಡಲೇಬೇಡಿ.

3. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸಣ್ಣ ಮಕ್ಕಳಿಂದ ದೂರ ಇಡಿ.

4. ಬಲ್ಬ್ ಜಾತಿಯನ್ನು ಸಾಮಾನ್ಯವಾಗಿ ಅದರ ಎತ್ತರದ ಎರಡು ಪಟ್ಟು ಆಳದಲ್ಲಿ ನೆಡಬೇಕು. ಗೌರಿ ಗೆಡ್ಡೆಯನ್ನು ಅಡ್ಡ ಮಲಗಿಸಿ ನೆಡಬೇಕು.

5. ಹೂ ಮುಗಿದ ಕೂಡಲೇ ಎಲೆ ಕೊಯ್ಯಬೇಡಿ. ಮುಂದಿನ ವರ್ಷದ ಹೂವಿಗೆ ಆಹಾರ ಮಾಡುವುದು ಆ ಎಲೆಯೇ.

6. ಕಾಡಿನಿಂದ ಕಿತ್ತು ತರಬೇಡಿ. ಮನೆಗಳಲ್ಲಿ ಇರುವುದನ್ನು ಮರಿ ಮಾಡಿ ಹಂಚಿಕೊಂಡರೆ ಸಾಕು.

7. ಮನೆಯ ಹಿರಿಯರು ಏನು ಹೆಸರು ಹೇಳುತ್ತಾರೋ ಅದನ್ನು ಹಾಗೇ ಬರೆದುಕೊಳ್ಳಿ. ಶಾಸ್ತ್ರೀಯ ಹೆಸರು ಪುಸ್ತಕದಲ್ಲಿ ಯಾವಾಗಲೂ ಸಿಗುತ್ತದೆ. ಅವರ ಹೆಸರು ಅವರ ಹತ್ತಿರ ಮಾತ್ರ ಸಿಗುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದೆ. ಹತ್ತಿರ ಇರುವುದರ ಬೆಲೆ ನಮಗೆ ಗೊತ್ತಾಗುವುದಿಲ್ಲ ಎಂದು ಅದರ ಅರ್ಥ. ನಮ್ಮ ಹಿತ್ತಲಲ್ಲಿ ಹನ್ನೊಂದು ನಂಬರ್ ಇತ್ತು. ನಿಮ್ಮ ಹಿತ್ತಲಲ್ಲಿ ಎಷ್ಟಿದೆಯೋ ಒಮ್ಮೆ ಕೇಳಿ ನೋಡಿ. ನನ್ನ 3ನೇ ನಂಬರ್ ಮತ್ತು 10ನೇ ನಂಬರ್ ಇನ್ನೂ ಹೂ ಬಿಟ್ಟಿಲ್ಲ. ಬರಿ ಎಲೆ ಬಂದಿದೆ. ಅದರ ಚಿತ್ರವನ್ನು ಈ ಪತ್ರಿಕೆಯ ಕೆಳಗೆ ಅಂಟಿಸಿದ್ದೇನೆ. ಯಾರ ಮನೆಯಲ್ಲಾದರೂ ಇದೇ ಎಲೆ ಇದ್ದರೆ ದಯವಿಟ್ಟು ತಿಳಿಸಿ.

ಸುಗಂಧರಾಜ ಮತ್ತು ಮಳೆ ಲಿಲ್ಲಿಯ ಮರಿ ನನ್ನ ಹತ್ತಿರ ಬೇಕಾದಷ್ಟು ಇದೆ. ಬೇಕಾದವರು ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬನ್ನಿ. ಹಣ ಬೇಡ. ಬದಲಿಗೆ ನಿಮ್ಮ ಮನೆಯ ಒಂದು ಗೆಡ್ಡೆ, ಅದು ಯಾರು ತಂದದ್ದು ಎಂಬುದನ್ನು ಚೀಟಿಯಲ್ಲಿ ಬರೆದು ತನ್ನಿ. ನೆಲಸಂಪಿಗೆ ಈಗ ಇನ್ನೊಂದು ಕವಲು ಒಡೆದಿದೆ. ಬರುವ ಬೇಸಿಗೆಗೆ ಅದು ಬಲಿತರೆ ಒಂದು ತುಂಡನ್ನು ಶಾಲೆಯ ತೋಟಕ್ಕೆ ಕೊಡು ಎಂದು ಅಜ್ಜಿ ಹೇಳಿದ್ದಾರೆ. ಎಲ್ಲಿ ನೆಡಬೇಕು ಎಂದು ಮೇಷ್ಟ್ರು ಜಾಗ ತೋರಿಸಬೇಕಾಗಿ ವಿನಂತಿ. ಅಲ್ಲಿ ಸೌದೆ ಒಟ್ಟಬಾರದು.

ಇಂತಿ ನಿಮ್ಮವಳು,
ಏಳನೇ ತರಗತಿಯ ವಿದ್ಯಾರ್ಥಿನಿ